ಡೈರಿ ಅಕ್ಕನ ಕಲ್ಲು, ನನ್ನ ಬಾಯಿ

ಮೊದ್ಲೇ ಒಂದ್ ಮಾತು ಹೇಳ್ಬುಡ್ತೀನಿ. ನಾನು ಮಾತ್ನ ಒಸಿ ಎಳೀತೀನಿ. ನಾಯಿ ಅಟ್ಟುಸ್ಕಂಡ್ ಬಂದ್ರೆ ಚಿರತೆ ಅಂತೀನಿ. ಕೇಳ್ತಾ ಇರೋರಲ್ಲಿ ಯಾರಾದ್ರೂ ಚಿರತೆ ನೋಡ್ದೋರಿದ್ರೆ ಎರಡ್ ಚಿರತೆ ಅಂತೀನಿ. ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ದಿನಾ ಬಸ್ಸಲ್ಲಿ ಬರೋಳು ನಾನು. ಕಿಟಕಿ ಪಕ್ಕ ಸೀಟ್ ಸಿಕ್ಕಿದ್ ದಿನಾನೂ ಒಂಟಿ ಕಾಲಲ್ಲಿ ನೇತಾಡ್ಕಂಡ್ ಬಂದೆ ಅಂತ್ಲೇ ಹೇಳೋದು. ಇಲ್ಲೂ ಅಲ್ಲಲ್ಲಿ ಎಳ್ದಿರ್ತೀನಿ, ನೀವೇ ಒಂದಕ್ಕರ್ಧ ಕಳ್ಕಂಡ್ ಓದ್ಕಳಿ. ಆದ್ರೆ ಕಲ್ಲಿನ ವಿಷ್ಯ, ಬಣ್ಣದ ಪಟ್ಟಿ ವಿಷ್ಯ, ಪ್ಲೇಟಿನ ವಿಷ್ಯ ಬಂದಾಗ ಕೂದ್ಲಷ್ಟೂ ಎಳ್ದಿಲ್ಲ. ಎಳ್ದಿದ್ದಕ್ಕೆ ಏನಾಯ್ತು ಅನ್ನೋದೇ ಈ ಕಥೆ.

ನಂಗೆ ಹತ್ತೊಂಬತ್ತು. ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಕಡೇ ವರ್ಷ. ಟ್ರೈನಿಂಗ್ಗೆ ಅಂತ ಪಾಂಡವಪುರದ ಒಂದ್ ಸಣ್ಣ ಲ್ಯಾಬಿಗೆ ಹಾಕಿದ್ರು. ಮುಂದೆ ಕಾಯೋರಿಗೆ ಒಂದ್ ಬೆಂಚು, ಹಿಂದೆ ಮೈಕ್ರೋಸ್ಕೋಪು, ಮೂಲೇಲಿ ಇನ್ಕ್ಯುಬೇಟರು. ಕೋಳಿ ಮೊಟ್ಟೆಗೆ ಕಾವು ಕೊಟ್ಟಂಗೆ ಬ್ಯಾಕ್ಟೀರಿಯಾಕ್ಕೆ ಕಾವು ಕೊಡೋ ಪೆಟ್ಟಿಗೆ ಅದು. ಇದಕ್ಕೆಲ್ಲ ಯಜಮಾನ್ರು ನಮ್ ಸರ್ರು. ದಿನಕ್ಕೆ ಹನ್ನೆರಡೇ ಮಾತು. ಹದಿಮೂರ್ನೇದು ಆಡುದ್ರೆ ಲೈಸೆನ್ಸ್ ಕಿತ್ಕತಾರೆ ಅನ್ನಂಗೆ ಇರೋರು. ಅವ್ರ ಪಾಲಿನ ಉಳಿದ ಮಾತ್ನೆಲ್ಲ ನಾನೇ ಆಡ್ತಿದ್ದೆ.

ಒಂದ್ ಬೆಳಿಗ್ಗೆ ಡೈರಿ ಅಕ್ಕ ಬಂದ್ರು. ತೊಣ್ಣೂರ್ ಕೆರೆ ಪಕ್ಕದ ಒಂದ್ ಊರಲ್ಲಿ ಹಾಲಿನ ಡೈರಿಲಿ ಟೆಸ್ಟರು ಅವ್ರು. ಯಾರ್ ಹಾಲಿಗೆ ಎಷ್ಟ್ ನೀರು ಅಂತ ಮುಖ ನೋಡೇ ಹೇಳ್ಬುಡೋರು. ಒಂದ್ ಕೈ ಸೊಂಟದ ಮೇಲೆ, ಇನ್ನೊಂದ್ ಕೈಲಿ ಶ್ರೀರಂಗಪಟ್ಟಣದ ಡಾಕ್ಟ್ರ ಚೀಟಿ. ಬಲಗಡೆ ಕಿಡ್ನೀಲಿ ಕಲ್ಲು. ಎರಡ್ ಸಲ ತೆಗ್ಸಿದ್ರು, ಇದು ಮೂರ್ನೇದು.

"ಟೊಮ್ಯಾಟೊ ಬುಟ್ಟೆ. ಸೊಪ್ಪು ಬುಟ್ಟೆ. ಬಾಳೆದಿಂಡಿನ ರಸ ಕುಡ್ದೂ ಕುಡ್ದೂ ನಾನೇ ಒಂದ್ ಬಾಳೆಗಿಡ ಆದೆ," ಅಂದ್ರು ಅಕ್ಕ, ಬೆಂಚಿನ ಮೇಲೆ ನಿಧಾನಕ್ಕೆ ಕುಂತ್ಕಂಡು. "ಆದ್ರೂ ಬಂದದಲ್ಲವ್ವ ಮುಂಡೇದು. ಈ ಸಲ ಡಾಕ್ಟ್ರು ಏನಂದ್ರು ಗೊತ್ತಾ? ಇದ್ನ ತೆಗುದ್ಮೇಲೂ ಇನ್ನೊಂದ್ ಸಲ ತುಂಬ್ಕಂಡ್ರೆ, ಕಲ್ಲಲ್ಲ, ಕಿಡ್ನಿನೇ ತೆಗೀಬೇಕಾಯ್ತದೆ ಅಂದ್ರು."

ಅದುನ್ನ ಹೇಳೋವಾಗ ಮಾತ್ರ ಅಕ್ಕನ ದನಿ ಇಳೀತು.

ಚೀಟೀಲಿ ಮೂತ್ರದ ಟೆಸ್ಟು, ಕಲ್ಚರು ಎರಡೂ ಬರ್ದಿತ್ತು. ಕಲ್ಚರು ಅಂದ್ರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಅದಾ ಅಂತ ಬೆಳ್ಸಿ ನೋಡೋದು. ನಾನ್ ಡಬ್ಬಿ ಕೊಡಕ್ ಹೋದ್ರೆ ಅಕ್ಕ ಬ್ಯಾಗಿಂದ ಒಂದ್ ಬಾಟ್ಲು ತೆಗುದ್ರು. ಮನೇಲೇ ಹಿಡ್ಕಂಡ್ ಬಂದವ್ರೆ! ಹಾಲಿನ ಸ್ಯಾಂಪಲ್ ಬಾಟ್ಲು, ಕನ್ನಡಿ ಥರ ಹೊಳೀತಾ ಅದೆ.

"ನಿಮ್ ಪ್ಲಾಸ್ಟಿಕ್ ಡಬ್ಬಿ ಯಾರ್ ತೊಳ್ದವ್ರೋ ಏನೋ. ಇದುನ್ನ ನಾನೇ ತೊಳ್ದಿರೋದು," ಅಂದ್ರು.

ಅಷ್ಟ್ ಕ್ಲೀನಾಗಿರೋ ಬಾಟ್ಲು ನಮ್ ಲ್ಯಾಬಲ್ಲೇ ಇರ್ನಿಲ್ಲ. ತಗಂಡೆ.

ಬಣ್ಣದ ಪಟ್ಟಿ ಅಂತ ಒಂದದೆ. ಮೂತ್ರದೊಳ್ಗೆ ಅದ್ದಿ ತೆಗುದ್ರೆ ಪಟ್ಟಿ ಮೇಲಿನ ಚೌಕಗಳು ಬಣ್ಣ ತಿರುಗ್ತವೆ. ಅದ್ರಲ್ಲಿ ಒಂದು ಪಿಎಚ್ ಚೌಕ. ಮೂತ್ರ ಹುಳಿ ಕಡೆ ಇದ್ರೆ ಕಿತ್ಳೆ, ಹಳದಿ. ಕ್ಷಾರದ ಕಡೆ ಹೋದಂಗೆಲ್ಲ ಹಸಿರು, ಆಮೇಲೆ ನೀಲಿ. ಅಕ್ಕನದ್ದು ಅದ್ದಿದ್ದೇ ತಡ, ಕಡು ನೀಲಿ. ಪಟ್ಟಿ ಡಬ್ಬಿ ಮೇಲಿರೋ ಕಡೇ ಬಣ್ಣ. ಇನ್ನೊಂದ್ ಚೌಕ ಇದ್ದಿದ್ರೆ ಅದುನ್ನೂ ದಾಟ್ತಿತ್ತು.

ನಮ್ ಕಾಲೇಜಲ್ಲಿ ನಾನು ಪೂರ್ತಿ ನೆಟ್ಟಗೆ ಓದಿದ್ ಪಾಠ ಒಂದೇ, ಅದು ಇದೇ. ಕೆಲವು ಕಲ್ಲು ತಿನ್ನೋದ್ರಿಂದ ಬರಲ್ಲ, ಇನ್ಫೆಕ್ಷನ್ನಿಂದ ಬರ್ತವೆ. ಗದ್ದೆಗೆ ಯೂರಿಯಾ ಹಾಕ್ತೀವಲ್ಲ, ಅದೇ ಯೂರಿಯಾ ನಮ್ ಮೂತ್ರದಲ್ಲೂ ಇರ್ತದೆ. ಪ್ರೋಟಿಯಸ್ ಅನ್ನೋ ಬ್ಯಾಕ್ಟೀರಿಯಾದಂತೋವು ಒಳಿಕ್ ಸೇರ್ಕಂಡ್ರೆ ಆ ಯೂರಿಯಾನ ಒಡ್ದು ಅಮೋನಿಯಾ ಮಾಡ್ತವೆ. ತೊಳೀದೆ ಬುಟ್ಟ ಕೊಟ್ಟಿಗೇಲಿ ಮೂಗು ಉರಿಯಂಗೆ ವಾಸ್ನೆ ಬರ್ತದಲ್ಲ, ಅದೇ. ಮೂತ್ರ ಕ್ಷಾರ ಆಯ್ತದೆ. ಆಗ ಅದ್ರೊಳ್ಗೆ ಕರಗಿದ್ದ ಮೆಗ್ನೀಸಿಯಮ್ಮು, ಫಾಸ್ಫೇಟು ಅಮೋನಿಯಾ ಜೊತೆ ಸೇರ್ಕಂಡು ಗಟ್ಟಿ ಕಟ್ಕತವೆ. ಅಂದ್ರೆ ಬ್ಯಾಕ್ಟೀರಿಯಾ ತನ್ ಮನೆ ತಾನೇ ಕಟ್ಕಂಡು ಒಳ್ಗೆ ಕುಂತ್ಕತದೆ.

ಸರ್ರು ಒಳ್ಗೆ ಯಾರಿಗೋ ರಕ್ತ ತೆಗೀತಿದ್ರು. ನಾನ್ ಪಟ್ಟಿ ಹಿಡ್ಕಂಡು, ಕಪ್ ಗೆದ್ದೋಳಂಗೆ ಹೊರಿಕ್ ಬಂದೆ.

"ಅಕ್ಕ, ನಿಂದು ಇನ್ಫೆಕ್ಷನ್ ಕಲ್ಲು! ನಿನ್ ಟೊಮ್ಯಾಟೊದ್ದು ಏನೂ ತಪ್ಪಿಲ್ಲ. ಇಷ್ಟ್ ವರ್ಷ ಯಾವ್ ಡಾಕ್ಟ್ರಿಗೂ ಸಿಗ್ನಿಲ್ಲ, ನಂಗ್ ಸಿಕ್ತು ನೋಡು!"

ಬೆಂಚಿನ ಮೇಲಿದ್ದೋರೆಲ್ಲ ತಿರುಗ್ ನೋಡುದ್ರು. ಅಕ್ಕನ ಕಣ್ಣು ಅರಳ್ತು. "ದಿಟವೇನವ್ವ?"

"ನೂರಕ್ ನೂರು."

ಅಕ್ಕ ಹೋದ್ಮೇಲೆ ಸರ್ರು ಬಂದ್ರು. ಪಟ್ಟಿ ನೋಡುದ್ರು. ಬಾಟ್ಲು ನೋಡುದ್ರು. ಮೂತ್ರನ ಬೇರೆ ಟ್ಯೂಬಿಗೆ ಬಗ್ಗಿಸಿ, ಬಾಟ್ಲಿನ ಮುಚ್ಚಳದ ಒಳ್ಗೆ ಒಣಗಿ ಕುಂತಿದ್ದ ಬಿಳಿ ಪುಡೀನ ಒಸಿ ನಲ್ಲಿ ನೀರಿಗೆ ಕೆರ್ದು ಹಾಕಿ ಅಲ್ಲಾಡ್ಸಿ, ಅದ್ರೊಳ್ಗೆ ಹೊಸಾ ಪಟ್ಟಿ ಅದ್ದುದ್ರು. ನೀಲಿ. ಅದೇ ಕಡು ನೀಲಿ.

"ನೀರ್ಗೂ ಇನ್ಫೆಕ್ಷನ್ನಾ?" ಅಂದ್ರು.

ಡೈರೀಲಿ ಬಾಟ್ಲು ತೊಳೆಯೋದು ವಾಷಿಂಗ್ ಸೋಡಾದಲ್ಲಿ. ಅಷ್ಟ್ ಫಳಫಳ ಅಂತಿದ್ದಿದ್ದು ಅದುಕ್ಕೇ. ಸೋಡಾ ಅಂದ್ರೇ ಕ್ಷಾರ. ನಾನು ಅಕ್ಕನ ಮೂತ್ರ ಅಲ್ಲ, ಅಕ್ಕನ ಶ್ರದ್ಧೆ ಟೆಸ್ಟ್ ಮಾಡಿದ್ದೆ. ಸರ್ರು ಪುಸ್ತಕದಲ್ಲಿ "ಸ್ಯಾಂಪಲ್ ಸರಿಯಿಲ್ಲ, ಮತ್ತೆ ತರ್ಸಿ" ಅಂತ ಬರುದ್ರು.

ಇಲ್ಲಿ ನಾನು ಮಾಡಿದ್ ಕೆಲ್ಸ ನೆನುಸ್ಕಂಡ್ರೆ ಇವತ್ತೂ ಕಿವಿ ಬಿಸಿಯಾಯ್ತದೆ. ಅಕ್ಕನಿಗೆ ಫೋನ್ ಮಾಡ್ದೆ. "ನಾನ್ ಹೇಳಿದ್ದು ತಪ್ಪು" ಅನ್ಬೇಕಿತ್ತು. "ಸ್ಯಾಂಪಲ್ ಸಾಲ್ದು ಕಣಕ್ಕ, ನಮ್ ಡಬ್ಬೀಲಿ ಇನ್ನೊಂದ್ಸಲ ಕೊಡು" ಅಂದೆ. ಅಷ್ಟೇ. ಗೆದ್ದ ಕಪ್ಪು ವಾಪಸ್ ಕೊಡಕ್ಕೆ ಮನ್ಸು ಬರ್ನಿಲ್ಲ.

ನಾಕ್ ದಿನ ಬುಟ್ಟು ಎರಡ್ನೇ ಸ್ಯಾಂಪಲ್ ಬಂತು. ಈ ಸಲ ಎಲ್ಲಾ ರೂಲ್ಸ್ ಪ್ರಕಾರ. ನಮ್ದೇ ಸೀಲಿರೋ ಡಬ್ಬಿ. ತೊಳ್ಕಂಡು, ಮೊದ್ಲ ಧಾರೆ ಬುಟ್ಟು, ಮಧ್ಯದ್ದು ಹಿಡ್ದಿದ್ದು. ದನಕ್ಕೆ ಲಸಿಕೆ ತರೋ ಐಸ್ ಪೆಟ್ಟಿಗೇಲಿ ಇಟ್ಕಂಡು ಅಕ್ಕನ ಯಜಮಾನ್ರು ಮೊಪೆಡ್ಡಲ್ಲಿ ತಂದ್ರು. ದಾರೀಲಿ ಇಬ್ರು ನಿಲ್ಲುಸ್ಕಂಡು "ನಮ್ ಎಮ್ಮೆಗೂ ಒಂದ್ ಸೂಜಿ ಚುಚ್ಚಿ" ಅಂದ್ರಂತೆ.

ಸರ್ರು ಮೊದ್ಲು ಅದೇ ಪಾಕೆಟ್ಟಿನ ಖಾಲಿ ಡಬ್ಬೀಲಿ ನೀರ್ ಹಾಕಿ ಪಟ್ಟಿ ಅದ್ದುದ್ರು. ನೀಲಿ ಬರ್ನಿಲ್ಲ. ಆಮೇಲೆ ಅಕ್ಕನ ಮೂತ್ರ. ಹಸಿರು ದಾಟಿ ನೀಲಿ ಕಡೆ. ಪಿಎಚ್ ಎಂಟು.

ನಾನು ಬಾಯಿ ತೆಗ್ದೆ. ಸರ್ರು ನನ್ ಕಡೆ ನೋಡುದ್ರು. ಬಾಯಿ ಮುಚ್ದೆ.

ಮೈಕ್ರೋಸ್ಕೋಪಲ್ಲಿ ಕೀವಿನ ಕಣ ಇದ್ವು. ಹರಳೂ ಇದ್ವು, ಹೆಂಚಿನ ಮನೆ ಮಾಡಿನಂಗೆ ಇಳಿಜಾರು ಮುಚ್ಚಳ ಇರೋ ಉದ್ದುದ್ದ ಪೆಟ್ಟಿಗೆಗಳು. ಇನ್ಫೆಕ್ಷನ್ ಕಲ್ಲು ಕಟ್ಟೋ ಹರಳು ಇಂಗೇ ಇರ್ತವೆ. ಬ್ಯಾಕ್ಟೀರಿಯಾಕ್ಕೆ ಊಟ ಹಾಕಿರೋ ಕಲ್ಚರ್ ಪ್ಲೇಟಿನ ಮೇಲೆ ಮೂತ್ರದಲ್ಲಿ ಗೆರೆ ಎಳ್ದು ಇನ್ಕ್ಯುಬೇಟರಿಗೆ ಇಟ್ವಿ. ಮಾರ್ನೇ ದಿನ ತೆಗ್ದು ನೋಡುದ್ರೆ ಏನೂ ಇಲ್ಲ. ಇನ್ನೊಂದ್ ದಿನ ಬುಟ್ವಿ. ಆಗ್ಲೂ ಗುಡ್ಸಿ ಸಾರ್ಸಿದ್ ಅಂಗಳ. ಒಂದ್ ಚುಕ್ಕೆ ಇಲ್ಲ.

ಸರ್ರು ರಿಪೋರ್ಟ್ ಟೈಪ್ ಮಾಡಕ್ ಕುಂತ್ರು. ಬೆಳವಣಿಗೆ ಇಲ್ಲ.

ಈ ರಿಪೋರ್ಟ್ ಹೋದ್ರೆ ಡಾಕ್ಟ್ರು ಇನ್ಫೆಕ್ಷನ್ ಇಲ್ಲ ಅನ್ಕತಾರೆ. ಕಲ್ಲು ತೆಗೀತಾರೆ, ಬ್ಯಾಕ್ಟೀರಿಯಾನ ಯಾರೂ ಕೇಳಲ್ಲ. ಅದು ಮತ್ತೆ ಕಲ್ಲು ಕಟ್ತದೆ. ಆಗ ಅಕ್ಕನ ಕಿಡ್ನಿ ಹೋಯ್ತದೆ. ಆದ್ರೆ ಐಸಲ್ಲಿ ಬಂದ ತಾಜಾ ಮೂತ್ರದಲ್ಲಿ ಎಂಟು ಪಿಎಚ್ಚು, ಕೀವು, ಆ ಹರಳು! ಒಳ್ಗೆ ಯಾರೋ ಕುಂತ್ಕಂಡು ಅಮೋನಿಯಾ ಕಾಯುಸ್ತಾವ್ರೆ. ಪ್ಲೇಟಿನ ಮೇಲೆ ಯಾಕ್ ಬರ್ನಿಲ್ಲ?

"ಸರ್, ಒಂದ್ ದಿನ ರಿಪೋರ್ಟ್ ತಡೀರಿ. ನಾನ್ ಅಕ್ಕನ್ನ ಕೇಳ್ಕಂಡ್ ಬತ್ತೀನಿ," ಅಂದೆ.

"ಏನ್ ಕೇಳ್ತೀಯಾ?"

"ಗೊತ್ತಿಲ್ಲ ಸರ್. ಎಲ್ಲಾನೂ."

ಸರ್ರು ಕಂಪ್ಯೂಟರ್ ಆಫ್ ಮಾಡುದ್ರು.

ಸಾಯಂಕಾಲ ಹಾಲು ಹಾಕೋ ಹೊತ್ಗೆ ಡೈರಿ ಮುಂದೆ ಇಳುದ್ರೆ ಇಪ್ಪತ್ ಜನ ಕ್ಯಾನ್ ಹಿಡ್ಕಂಡ್ ನಿಂತವ್ರೆ. ಸರಿ, ಹನ್ನೆರಡು. ಅಕ್ಕ ಒಳ್ಗೆ ಅಳತೆ ಮಾಡ್ತಾವ್ರೆ. ನನ್ ನೋಡ್ತಿದ್ದಂಗೆ ಕ್ಯೂಗೆಲ್ಲ ಕೇಳುಸಂಗೆ ಕೂಗುದ್ರು: "ಬಂದ್ಲು ನೋಡ್ರವ್ವ, ನನ್ ಕಲ್ಲಿನ ಜಾತಕ ಬರ್ದೋಳು! ಡಾಕ್ಟ್ರಿಗಿಂತ ಚುರುಕು ಕಣ್ರೀ ಈ ಮಗ."

ಭೂಮಿ ಬಾಯ್ಬುಡ್ಬಾರ್ದಾ ಅನ್ನುಸ್ತು.

"ಅಕ್ಕ, ಸ್ಯಾಂಪಲ್ ಕೊಡೋಕ್ ಮುಂಚೆ ಏನಾರಾ ಮಾತ್ರೆ ತಗಂಡಿದ್ಯಾ?"

ಅಕ್ಕನ ಯಜಮಾನ್ರು ಕ್ಯಾನ್ ಇಳುಸ್ತಾ ಇದ್ದೋರು ಎದೆ ಉಬ್ಬುಸ್ಕಂಡು ಬಂದ್ರು. "ತಗಳ್ದೆ ಇರ್ತಾಳಾ? ನೀನೇ ಏಳ್ದಲ್ಲವ್ವ ಇನ್ಫೆಕ್ಷನ್ನು ನೂರಕ್ ನೂರು ಅಂತ. ಓದ್ಸಲ ಆಪರೇಷನ್ ಆದಾಗ ಕೊಟ್ಟಿದ್ ಮಾತ್ರೆ ಉಳ್ದಿತ್ತು. ಮೂರ್ ದಿನ ನಾನೇ ಮುಂದೆ ನಿಂತ್ಕಂಡು ನುಂಗುಸ್ದೆ."

ಇನ್ಫೆಕ್ಷನ್ ಮಾತ್ರೆ. ಹೊಟ್ಟೇಲಿ ಮಾತ್ರೆ ಇರೋವಾಗ ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಪ್ಲೇಟಿನ ಮೇಲೆ ಎಲ್ಲಿಂದ ಏಳ್ಬೇಕು? ಡಾಕ್ಟ್ರು ಬರ್ದಿರ್ನಿಲ್ಲ. ಬರ್ದಿದ್ದು ನನ್ ಬಾಯಿ.

ಬಸ್ಸಲ್ಲಿ ಬರೋವಾಗ್ಲೇ ಒಂದು ಸುಳ್ಳು ಹೊಂದುಸ್ಕಂಡಿದ್ದೆ, ಮೆಷಿನ್ನು ಕೆಟ್ಟೋಗಿತ್ತು ಅಂತ. ಒಳ್ಳೇ ಸುಳ್ಳು, ಯಾರೂ ಕಂಡ್ಹಿಡೀತಿರ್ನಿಲ್ಲ. ಆದ್ರೆ ಅಕ್ಕ ಸೊಂಟದ ಮೇಲೆ ಕೈಯಿಟ್ಕಂಡು, ನೋವು ಕಚ್ಕಂಡು, ನಗ್ತಾ ನಿಂತಿದ್ರು. ಬಾಯಿಗ್ ಬಂದ ಸುಳ್ಳು ಅಲ್ಲೇ ನುಂಗ್ದೆ.

"ಅಕ್ಕ, ನಾನವತ್ತು ಹೇಳಿದ್ದು ತಪ್ಪು. ನಿನ್ ಬಾಟ್ಲೀಲಿ ಸೋಡಾ ಇತ್ತು. ಪಟ್ಟಿ ನೀಲಿಯಾಗಿದ್ದು ಅದುಕ್ಕೆ. ಗೊತ್ತಾದ್ಮೇಲೂ ನಿಂಗ್ ಹೇಳ್ನಿಲ್ಲ, ಸ್ಯಾಂಪಲ್ ಸಾಲ್ದು ಅಂತ ಸುಳ್ಳೇಳ್ದೆ. ನನ್ ಮಾತ್ ನಂಬಿ ನೀನ್ ಮಾತ್ರೆ ತಗಂಡೆ, ಅದುಕ್ಕೇ ಈಗ ಕಲ್ಚರಲ್ಲಿ ಏನೂ ಬರ್ನಿಲ್ಲ."

ಕ್ಯೂಲಿದ್ದ ಒಂದ್ ಅಜ್ಜಿ, "ಸೋಡಾನ ನೀನ್ ಯಾಕವ್ವ ಕುಡುದ್ಬುಟ್ಟೆ?" ಅಂತ ಅಕ್ಕನ್ನ ಕೇಳ್ತು.

ಅಕ್ಕ ಅಳತೆ ಪಾತ್ರೆ ಕೆಳಿಕ್ಕಿಟ್ರು. "ಬಾಟ್ಲೀದು ನನ್ ತಪ್ಪು ಬುಡು," ಅಂದ್ರು. "ಸುಳ್ಳು ಮಾತ್ರ ನಿಂದು. ಆಲಿಗೆ ನೀರ್ ಆಕ್ಕಂಡ್ ಬಂದೋರ್ನ ಇದೇ ಬಾಗ್ಲಲ್ಲಿ ನಿಲ್ಲುಸ್ಕತೀನಿ ನಾನು, ಗೊತ್ತಾ?"

"ಗೊತ್ತು ಕಣಕ್ಕ."

"ಈಗ ನೆಟ್ಟಗೆ ಏಳು. ಇನ್ಫೆಕ್ಷನ್ ಅದೋ ಇಲ್ವೋ?"

"ಇರೋ ಹಂಗೆ ಕಾಣ್ತದೆ. ಆದ್ರೆ ಗೊತ್ತಿಲ್ಲ." ಆ 'ಗೊತ್ತಿಲ್ಲ'ದಷ್ಟು ಭಾರದ ಮಾತು ನಾನ್ ಇದುವರ್ಗೂ ಎತ್ತಿರ್ನಿಲ್ಲ. "ಮಾತ್ರೆಯಿಂದ ಮೂತ್ರದಲ್ಲಿರೋವು ಸಾಯ್ತವೆ. ಕಲ್ಲೊಳ್ಗೆ ಅವಿತ್ಕಂಡಿರೋವು ಸಾಯಲ್ಲ."

ಅಕ್ಕ ಪಕ್ಕದಲ್ಲಿದ್ದ ಕ್ಯಾನ್ ಎತ್ತಿ, ಕಂಠದ ಒಳಮಗ್ಗುಲಿಗೆ ಬೆರಳು ಹಾಕಿ ಸವುರಿ ತೋರ್ಸುದ್ರು. "ಇಲ್ಲಿ ಒಂದ್ ಚೂರು ಹಳೇ ಜಿಡ್ಡು ಕುಂತ್ಕಂಡ್ರೆ, ಒರಗೆಲ್ಲ ಎಷ್ಟ್ ತಿಕ್ಕುದ್ರೂ ನಾಳೆ ಆಕೋ ಆಲು ಒಡ್ದೋಯ್ತದೆ. ನನ್ ಕಿಡ್ನೀಲೂ ಅಂಗೇ ಆಗದಾ? ಎರಡ್ ಸಲ ತೆಗ್ದಾಗ್ಲೂ ಎಲ್ಲೋ ಮೂಲೇಲಿ ಒಂದ್ ಚೂರು ಉಳ್ಕಂಡದೆ."

ನಮ್ ಕಾಲೇಜಲ್ಲಿ ಎರಡ್ ಗಂಟೆ ಹೇಳ್ಕೊಟ್ಟಿದ್ನ ಅಕ್ಕ ಒಂದ್ ಬೆರಳಲ್ಲಿ ಹೇಳುದ್ರು.

"ಅಂಗಾರೆ ಮೂತ್ರ ಅಲ್ಲ, ಕಲ್ಲೇ ಬೇಕು," ಅಂದೆ.

ಮಾರ್ನೇ ದಿನ ನಡೆದಿದ್ದೆಲ್ಲ ಸರ್ರಿಗೆ ಹೇಳ್ದೆ. ಬೈತಾರೆ ಅನ್ಕಂಡೆ. ಕುರ್ಚಿ ನನ್ ಕಡೆ ತಳ್ಳುದ್ರು. "ರಿಪೋರ್ಟು ನೀನೇ ಬರಿ. ನಾನ್ ನೋಡಿ ಸೈನ್ ಹಾಕ್ತೀನಿ." ಬರ್ದೆ: ಬೆಳವಣಿಗೆ ಇಲ್ಲ. ರೋಗಿ ಸ್ಯಾಂಪಲ್ ಕೊಡುವ ಮೊದಲು ಮೂರು ದಿನ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರೆ. ಆದ್ದರಿಂದ ಸೋಂಕು ಇಲ್ಲವೆಂದು ಹೇಳಲಾಗದು. ಆಮೇಲೆ ಶ್ರೀರಂಗಪಟ್ಟಣದ ಡಾಕ್ಟ್ರಿಗೆ ಫೋನ್ ಹಚ್ಚಿ ನನ್ ಕೈಗೇ ಕೊಟ್ರು.

"ಆ ಮಾತ್ರೆ ಯಾಕ್ ತಗೊಂಡ್ರು? ಯಾರ್ ಹೇಳಿದ್ದು?" ಅಂದ್ರು ಡಾಕ್ಟ್ರು.

"ನಾನೇ ಸರ್. ಅಂದ್ರೆ, ಇನ್ಫೆಕ್ಷನ್ ಅಂತ ಬಾಯಿಗ್ ಬಂದಂಗೆ ಹೇಳ್ಬುಟ್ಟಿದ್ದೆ."

ಡಾಕ್ಟ್ರು ನೇರ ಕೆಲ್ಸ ಹೇಳುದ್ರು. ತಾವು ಹೇಳದೆ ಇನ್ನೊಂದ್ ಮಾತ್ರೆ ಮುಟ್ಟಂಗಿಲ್ಲ. ಜ್ವರ, ಚಳಿ ಬಂದ್ರೆ ಒಂದ್ ನಿಮಿಷಾನೂ ಕಾಯದಂಗೆ ಆಸ್ಪತ್ರೆಗೆ ಬರ್ಬೇಕು. ನಾಗಮಂಗಲದ ಕಡೆ ದೊಡ್ಡಾಸ್ಪತ್ರೇಲಿ ಆಪರೇಷನ್ಗೆ ಇನ್ನೂ ಮೂರ್ ವಾರ ಅದೆ. ಅಲ್ಲಿವರ್ಗೂ ಮೂತ್ರನೆಲ್ಲ ಸೋಸ್ಲಿ. ಚೂರು ಏನಾರಾ ಬಿದ್ರೆ ಅದುನ್ನ ಕಲ್ಚರ್ ಮಾಡಿ. ಏನ್ ಬೆಳೀತು ಅಂತ ಗೊತ್ತಾದ್ರೆ, ಅದುಕ್ಕೆ ಸರಿಯಾದ್ ಔಷ್ದಿ ಆಪರೇಷನ್ಗೆ ಮುಂಚೆನೇ ಸುರು ಮಾಡ್ಬೋದು.

ಸೋಸೋದು ಅಕ್ಕನಿಗೆ ಹೇಳ್ಕೊಡ್ಬೇಕಾ? ಹೊಸಾ ಜರಡಿ ಒಂದ್ನ ಅದುಕ್ಕೇ ಅಂತ ಬೇರೆ ಇಟ್ರು, ಡೈರಿ ಹತ್ರಕ್ಕೂ ತರ್ನಿಲ್ಲ. ದಿನಾ ಬೆಳಿಗ್ಗೆ ಫೋನು. "ಇವತ್ತೂ ಇಲ್ಲ ಕಣವ್ವ." "ಬುಡ್ಬೇಡ ಕಣಕ್ಕ, ಸೋಸು." "ಬುಡೋಳ್ ಯಾರು? ಆಲು ಸೋಸಿ ಬೆಳ್ದೋಳು ನಾನು." ಒಂದು ದಿನ ಬಂದಿದ್ದು ಅಕ್ಕಿ ನುಚ್ಚಿನಷ್ಟು, ಜರಡಿಯಿಂದ ಎತ್ತೋವಷ್ಟ್ರಲ್ಲಿ ಪುಡಿಯಾಗಿ ಜಾರೋಯ್ತು. ಇನ್ನೊಂದು ದಿನ ಅಕ್ಕ ನೋವು ತಡೀನಾರ್ದೆ ಮಾತೇ ಆಡ್ನಿಲ್ಲ, ಯಜಮಾನ್ರು ಫೋನ್ ಎತ್ತಿ "ಸೋಸ್ತಾವ್ಳೆ" ಅಂತಷ್ಟೇ ಅಂದ್ರು. ಅವತ್ತು ನಾನು ಬಸ್ಸಲ್ಲಿ ಸೀಟ್ ಸಿಕ್ರೂ ಕುಂತ್ಕಳ್ನಿಲ್ಲ. ಇದುನ್ನ ಎಳೀತಿಲ್ಲ, ದಿಟವಾಗ್ಲೂ.

ಹನ್ನೊಂದ್ನೇ ದಿನ ಐಸ್ ಪೆಟ್ಟಿಗೆ ಬಂತು. ಒಳ್ಗೆ ನಮ್ ಡಬ್ಬಿ, ನಾವ್ ಕೊಟ್ಟಿದ್ದ ಸಲೈನ್ ನೀರು, ಅದ್ರೊಳ್ಗೆ ಬೂದು ಬಣ್ಣದ ಚೂರು. ಸ್ಕೇಲ್ ಇಟ್ಟು ಅಳುದ್ವಿ. ನಾಕು ಮಿಲಿಮೀಟ್ರು.

"ಹೆಂಗೆ ಮಾಡ್ತೀಯಾ, ಹೇಳು," ಅಂದ್ರು ಸರ್ರು. ಈ ಸಲ ಕೆಲ್ಸ ನನ್ ಕೈಗೇ ಕೊಟ್ರು.

ಕಲ್ಲಿನ ಮೈಗೆ ಹೊರಗಿನ ಕೊಳೆ ಅಂಟಿರ್ತದೆ. ಅದು ಬೆಳುದ್ರೆ ಮತ್ತೆ ಬಾಟ್ಲು ಸೋಡಾದ್ ಕಥೆನೇ. ಅದುಕ್ಕೆ ಶುದ್ಧ ಸಲೈನಲ್ಲಿ ಒಂದ್ಸಲ, ಎರಡ್ಸಲ, ಐದ್ ಸಲ ತೊಳ್ದೆ. ಐದ್ನೇ ಸಲದ ನೀರ್ನ ಚೆಲ್ದೆ ಒಂದ್ ಪ್ಲೇಟಿಗೆ ಹಾಕ್ದೆ. ಅದ್ರಲ್ಲಿ ಏನೂ ಬೆಳೀದಿದ್ರೆ ಕಲ್ಲಿನ ಹೊರಮೈ ಚೊಕ್ಕಟ ಅಂತ ಅರ್ಥ. ಆಮೇಲೆ ಬಿಸೀಲಿ ಶುದ್ಧ ಮಾಡಿದ್ದ ಕುಟ್ಟಾಣೀಲಿ ಕಲ್ಲನ್ನ ಅರ್ದೆ. ಮೆತ್ತಗೆ, ಸೀಮೆಸುಣ್ಣದಂಗೆ ಪುಡಿಯಾಯ್ತು. ಆ ಪುಡೀನ ಇನ್ನೊಂದ್ ಪ್ಲೇಟಿಗೆ, ರಕ್ತ ಬೆರಸಿದ್ ಕೆಂಪು ಪ್ಲೇಟಿಗೆ, ಹಾಕಿ ಗೆರೆ ಎಳ್ದೆ. ಎರಡೂ ಇನ್ಕ್ಯುಬೇಟರಿಗೆ.

ಬೆಳಿಗ್ಗೆ ಸರ್ರು ಬರೋಕ್ ಮುಂಚೆನೇ ಬಾಗ್ಲಲ್ಲಿ ನಿಂತಿದ್ದೆ. ತೊಳೆದ್ ನೀರಿನ ಪ್ಲೇಟು ಖಾಲಿ. ಕಲ್ಲಿನ ಪ್ಲೇಟು ತೆಗುದ್ರೆ ಮೀನು ಕೊಳೆತಂಗೆ ವಾಸ್ನೆ. ಕೆಂಪು ಮೈಮೇಲೆ ಒಂದ್ ಅಂಚಿಂದ ಇನ್ನೊಂದ್ ಅಂಚಿಗೆ ಅಲೆ ಮೇಲೆ ಅಲೆ, ತೊಣ್ಣೂರ್ ಕೆರೆಗೆ ಕಲ್ಲೆಸೆದ್ರೆ ಏಳ್ತವಲ್ಲ, ಅಂತಾ ಸುತ್ತು. ಇಂಗೆ ಅಲೆ ಕಟ್ಕಂಡು ಹರಡೋದು ಪ್ರೋಟಿಯಸ್ಸೇ. ಆದ್ರೂ ನಾನು ಹೆಸ್ರು ಹೇಳ್ನಿಲ್ಲ. ಯೂರಿಯಾ ಹಾಕಿರೋ ಹಳದಿ ಟ್ಯೂಬಿಗೆ ಒಂದ್ ಚೂರು ಸೋಕ್ಸಿ ಇಟ್ಟೆ. ಮಧ್ಯಾಹ್ನದೊಳ್ಗೆ ಹಳದಿಯೆಲ್ಲ ಕಡು ಗುಲಾಬಿ. ಯೂರಿಯಾನ ಒಡೀತದೆ ಅನ್ನೋದುಕ್ಕೆ ಅದೇ ಗುರ್ತು. ಉಳಿದ್ ಟೆಸ್ಟೂ ಮಾಡಿ, ಯಾವ್ ಔಷ್ದಿಗೆ ಸಾಯ್ತದೆ, ಯಾವುದಕ್ಕೆ ಬಗ್ಗಲ್ಲ ಅಂತ ಇನ್ನೊಂದ್ ಪ್ಲೇಟಲ್ಲಿ ನೋಡುದ್ವಿ. ಅಕ್ಕನ ಯಜಮಾನ್ರು ಮುಂದೆ ನಿಂತ್ಕಂಡು ನುಂಗುಸಿದ್ದ ಮಾತ್ರೆಗೆ ಅದು ಅರ್ಧಂಬರ್ಧ ಬಗ್ಗಿತ್ತು ಅಷ್ಟೇ.

ಸರ್ರು ಪ್ಲೇಟ್ನ ಬೆಳಕಿಗೆ ಹಿಡುದ್ರು. ತಿರುಗ್ಸಿ ಮುರುಗ್ಸಿ ನೋಡುದ್ರು. "ಈಗ ಫೋನ್ ಮಾಡು," ಅಂದ್ರು.

ಡಾಕ್ಟ್ರಿಗೆ ಇದ್ದಿದ್ದ ಇದ್ದಂಗೆ ಹೇಳ್ದೆ. ಅವ್ರು ದೊಡ್ಡಾಸ್ಪತ್ರೆಗೆ ರಿಪೋರ್ಟ್ ಕಳ್ಸುದ್ರು. ಅಲ್ಲಿ ಅದೇ ಬ್ಯಾಕ್ಟೀರಿಯಾಕ್ಕೆ ಸರಿಯಾದ್ ಔಷ್ದಿ ಮೊದ್ಲೇ ಸುರು ಮಾಡಿ, ಆಮೇಲೆ ಕಲ್ಲು ತೆಗೆದು, ಮತ್ತೆ ಸ್ಕ್ಯಾನ್ ಮಾಡಿ ಮೂಲೆ ಮೂಲೆ ಹುಡುಕಿ ಒಂದ್ ಚೂರೂ ಉಳೀದಂಗೆ ನೋಡ್ಕಂಡ್ರಂತೆ. ಆಪರೇಷನ್ಗೆ ಹೋಗೋ ಮುಂಚೆ ಅಕ್ಕ ಅಲ್ಲಿ ಡಾಕ್ಟ್ರಿಗೂ ಹಾಲಿನ ಕ್ಯಾನಿನ ಪಾಠ ಮಾಡವ್ರೆ. ಕಿಡ್ನಿ ಇದ್ದಲ್ಲೇ ಉಳೀತು.

ಮೂರ್ ತಿಂಗ್ಳು ಕಳ್ದು ಅಕ್ಕ ಮತ್ತೆ ಟೆಸ್ಟಿಗೆ ಬಂದ್ರು. ಸೊಂಟದ ಮೇಲಿನ ಕೈ ಇಳ್ದಿತ್ತು. ನಮ್ ಡಬ್ಬೀಲೇ ಸ್ಯಾಂಪಲ್ ಕೊಟ್ಟು, ಬೆಂಚಿನ ಮೇಲೆ ಕುಂತು, ಕಾಯ್ತಿದ್ದೋರಿಗೆಲ್ಲ ಕಥೆ ಸುರು ಮಾಡುದ್ರು.

"ಕಲ್ಲು ಅಂದ್ರೆ ಎಂತಾ ಕಲ್ಲು ಅಂತೀರಿ! ತಾನಾಗ್ ಬಿದ್ದಿದ್ದೇ ನಿಂಬೆಹಣ್ಣಷ್ಟಿತ್ತು. ಈ ಮಗಾನೇ ಕುಟ್ಟಿ ಪುಡಿ ಮಾಡಿದ್ದು, ಕೇಳಿ ಬೇಕಾರೆ. ಏಳೇ, ಎಷ್ಟ್ ದೊಡ್ಡದಿತ್ತು?"

ಬೆಂಚೆಲ್ಲ ನನ್ ಕಡೆ ತಿರುಗ್ತು. ನನ್ ಜನ್ಮದಲ್ಲಿ ಯಾರೂ ನಂಗೆ ಇಷ್ಟ್ ಒಳ್ಳೇ ಅವಕಾಶ ಕೊಟ್ಟಿರ್ನಿಲ್ಲ.

"ನಾಕು ಮಿಲಿಮೀಟ್ರು," ಅಂದೆ.

"ಥೂ ನಿನ್ನ! ಕಥೆನೇ ಕೆಡ್ಸ್ಬುಟ್ಯಲ್ಲೇ!"

ಒಳಿಕ್ ಹೋಗಿ, ಮೊದ್ಲು ಖಾಲಿ ಡಬ್ಬೀಲಿ ನೀರು ಹಾಕಿ ಪಟ್ಟಿ ಅದ್ದಿ ನೋಡ್ದೆ. ಆಮೇಲೆ ಅಕ್ಕನದ್ದು. ಹಳದಿ. ಆರು. ಹೊರಗಡೆಯಿಂದ ಅಕ್ಕನ ದನಿ ಬಂತು: "ಏನಂತೆ? ಬಣ್ಣ ಏನ್ ಬಂತು?"

ಹೇಳ್ಬೇಕು ಅಂತ ನಾಲ್ಗೆ ತುದೀವರ್ಗೂ ಬಂದಿತ್ತು.

"ಕಲ್ಚರ್ ಬರ್ಲಿ ಕಣಕ್ಕ. ನಾಡಿದ್ದು ಹೇಳ್ತೀನಿ."

ನಾಡಿದ್ದು ಪ್ಲೇಟು ಖಾಲಿ ಇತ್ತು. ಫೋನ್ ಮಾಡಿ ಮೊದ್ಲು ಕೇಳ್ದೆ, "ಮಾತ್ರೆ ಏನಾರಾ ತಗಂಡಿದ್ಯಾ?" ಇಲ್ಲ ಅಂದ್ರು. ಎರಡ್ ಸಲ ಕೇಳ್ದೆ. ಯಜಮಾನ್ರನ್ನೂ ಕೇಳ್ದೆ. ಆಮೇಲೆ ಹೇಳ್ದೆ.